ಕೇಳಿ ಬರೆದ ಭೂಮಿ

ನನ್ನ ಅಜ್ಜನ ಮನೆ ಶಿರಸಿ ಕಡೆಯ ಒಂದು ಕವಲುದಾರಿಯ ಪಕ್ಕದಲ್ಲಿತ್ತು. ಒಂದು ದಾರಿ ಬನವಾಸಿ ಕಡೆಗೆ ಹೋಗುತ್ತಿತ್ತು, ಇನ್ನೊಂದು ಕಾಡಿನೊಳಗೆ ಇಳಿಯುತ್ತಿತ್ತು. ಊರಿನ ಹೆಸರು ಬರೆದ ಹಲಗೆ ಆಗ ಅಲ್ಲಿ ಇರಲಿಲ್ಲ. ಹಾಗಾಗಿ ದಾರಿ ಗೊತ್ತಿಲ್ಲದವರೆಲ್ಲ ನಮ್ಮ ಅಂಗಳದಲ್ಲಿ ನಿಂತು ಕೇಳುತ್ತಿದ್ದರು. ಅಜ್ಜ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಲ್ಲಿಂದಲೇ ದಾರಿ ಹೇಳುತ್ತಿದ್ದ. ನಡೆದು ಹೋಗುವವರಿಗೆ ಒಂದು ದಾರಿ. ಗಾಡಿಯವರಿಗೆ ಇನ್ನೊಂದು. ಮಳೆಗಾಲದಲ್ಲಿ ಬೇರೆಯದೇ. "ಹಳ್ಳ ದಾಟಿ. ದೊಡ್ಡ ಹಲಸಿನ ಮರ ಸಿಗ್ತದೆ. ಅಲ್ಲಿ ಎಡಕ್ಕೆ ತಿರುಗಿ. ಅಲ್ಲಿಂದ ಕೂಗಳತೆ ದೂರ, ಅಷ್ಟೇ." ಇಷ್ಟು ಹೇಳಿ, ಕೊನೆಗೆ ಯಾವಾಗಲೂ ಒಂದು ಮಾತು ಸೇರಿಸುತ್ತಿದ್ದ: "ಹಲಸಿನ ಮರದ ಹತ್ರ ಮತ್ತೊಂದ್ಸಲ ಕೇಳಿ."

ಒಂದು ದಿನ ಕೊಡೆ ಹಿಡಿದುಕೊಂಡು ಒಬ್ಬರು ಬಂದರು. ಘಟ್ಟದ ಅಂಚಿನ ಯಾವುದೋ ಹಳ್ಳಿಗೆ ಹೋಗಬೇಕಿತ್ತು ಅವರಿಗೆ. ಅಜ್ಜ ಹತ್ತು ನಿಮಿಷ ದಾರಿ ಹೇಳಿದ. ಎಲ್ಲಿ ಏರು, ಎಲ್ಲಿ ಮೋರಿ, ಯಾವ ಮನೆಯಲ್ಲಿ ನಾಯಿ ಇದೆ, ಎಲ್ಲಾ. ಅವರು ಹೋದ ಮೇಲೆ ನಾನು ಕೇಳಿದೆ: "ಅಜ್ಜ, ನೀನು ಆ ಊರಿಗೆ ಹೋಗಿದ್ಯಾ?"

"ನಾ ಹೋಗಿಲ್ಲ. ಹೋಗಿ ಬಂದವರು ಹೇಳಿದ್ದಾರೆ."

ನನಗೆ ಆಗ ಅದು ಮೋಸ ಅನ್ನಿಸಿತ್ತು. ನೋಡದ ಊರಿಗೆ ದಾರಿ ಹೇಳುವುದು ಹೇಗೆ? ಹಳೆಯ ಪ್ರಪಂಚ ನಕ್ಷೆಗಳ ಬಗ್ಗೆ ಓದಲು ಶುರು ಮಾಡಿದ ಮೇಲೆ ಅಜ್ಜನ ಆ ಉತ್ತರ ಮತ್ತೆ ಮತ್ತೆ ನೆನಪಾಗುತ್ತದೆ. ಭೂಮಿಯ ನಕ್ಷೆ ಬರೆದ ಮೊದಲಿಗರಲ್ಲಿ ಹೆಚ್ಚಿನವರು ಹಾಗೇ ಇದ್ದರು. ಒಂದು ಊರಿನಲ್ಲಿ ಕೂತು, ಹೋಗಿ ಬಂದವರನ್ನು ಕೇಳಿ ಬರೆದವರು.

ಕನ್ನಡದಲ್ಲಿ 'ಕೇಳು' ಅನ್ನುವ ಮಾತು ಎಷ್ಟು ಚೆನ್ನಾಗಿದೆ ನೋಡಿ. ಪ್ರಶ್ನೆಯನ್ನೂ ಕೇಳುತ್ತೇವೆ, ಕತೆಯನ್ನೂ ಕೇಳುತ್ತೇವೆ. ಎರಡಕ್ಕೂ ಒಂದೇ ಮಾತು. ನಕ್ಷೆಯ ಹಳೆಯ ಚರಿತ್ರೆ ಪೂರ್ತಿ ಈ ಎರಡು ಕೇಳುಗಳ ನಡುವೆ ಓಡಾಡುತ್ತದೆ. ಕೆಲವರು ಹೇಳಿದ್ದನ್ನು ಕೇಳಿಸಿಕೊಂಡು ಹಾಗೇ ಬರೆದರು. ಇನ್ನು ಕೆಲವರು ಕೇಳಿಸಿಕೊಂಡ ಮೇಲೆ ಮತ್ತೊಮ್ಮೆ ಕೇಳಿದರು.

ಬನವಾಸಿಯಿಂದಲೇ ಶುರು ಮಾಡುತ್ತೇನೆ. ಕ್ರಿ.ಶ. 150ರ ಆಸುಪಾಸಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಟಾಲೆಮಿ ಅನ್ನುವ ವಿದ್ವಾಂಸ ಗ್ರೀಕ್ ಭಾಷೆಯಲ್ಲಿ ಭೂಗೋಳದ ಒಂದು ಪುಸ್ತಕ ಬರೆದ. ಅದರಲ್ಲಿ ಆಗ ಗೊತ್ತಿದ್ದ ಪ್ರಪಂಚದ ಸುಮಾರು 8,000 ಜಾಗಗಳ ಹೆಸರಿದೆ. ಅವುಗಳಲ್ಲಿ ಬಹುಪಾಲು ಹೆಸರುಗಳ ಮುಂದೆ ಎರಡು ಅಂಕಿಗಳಿವೆ. ಒಂದು ರೇಖಾಂಶ, ಒಂದು ಅಕ್ಷಾಂಶ. ಭಾರತದ ಒಳನಾಡಿನ ಊರುಗಳ ಪಟ್ಟಿಯಲ್ಲಿ ಬನವಾಸಿಯೂ ಇದೆ. ಗ್ರೀಕ್ ನಾಲಿಗೆಗೆ ಸಿಕ್ಕಿದ ಹಾಗೆ ಉಚ್ಚಾರ ಸ್ವಲ್ಪ ತಿರುಚಿದೆ, ಆದರೂ ಗುರುತು ಸಿಗುತ್ತದೆ. ಕದಂಬರು ರಾಜ್ಯ ಕಟ್ಟುವುದಕ್ಕೆ ಸುಮಾರು 200 ವರ್ಷ ಮೊದಲಿನ ಮಾತು ಇದು.

ಮೊದಲ ಸಲ ಆ ಪಟ್ಟಿ ನೋಡಿದಾಗ ನನಗೆ ಮೈ ಜುಮ್ಮೆಂದಿತು. ವರದಾ ನದಿ ಪಕ್ಕದ ಊರಿನ ಹೆಸರು ನೈಲ್ ನದಿಯ ಬಾಯಲ್ಲಿರುವ ಊರಿಗೆ ಹೋಗಿದ್ದು ಹೇಗೆ? ನಾನು ಹೀಗೆ ಊಹಿಸಿಕೊಳ್ಳುತ್ತೇನೆ. ಘಟ್ಟದ ಮೇಲಿನ ವ್ಯಾಪಾರಿ ಎತ್ತುಗಳ ಮೇಲೆ ಸಾಮಾನು ಹೇರಿಕೊಂಡು ಕರಾವಳಿಗೆ ಇಳಿದಿರಬೇಕು. ಅಲ್ಲಿ ಮೆಣಸು ಕೊಳ್ಳಲು ಬಂದ ಹಡಗಿನವನು ಅವನನ್ನು "ಎಲ್ಲಿಂದ ಬಂದೆ?" ಅಂತ ಕೇಳಿರಬೇಕು. ಹಡಗು ಮುಂಗಾರಿನ ಗಾಳಿಯಲ್ಲಿ ಬಂದದ್ದು, ಗಾಳಿ ತಿರುಗಿದ ಮೇಲೆ ವಾಪಸ್ ಹೋಯಿತು. ಕೆಂಪು ಸಮುದ್ರ ದಾಟಿ, ಮರಳುಗಾಡು ದಾಟಿ, ನೈಲ್ ನದಿಯಲ್ಲಿ ದೋಣಿ ಹತ್ತಿ ಆ ಹೆಸರು ಅಲೆಕ್ಸಾಂಡ್ರಿಯಾ ತಲುಪಿತು. ಎಷ್ಟು ಬಾಯಿ, ಎಷ್ಟು ಕಿವಿ ದಾಟಿತೋ! ಟಾಲೆಮಿ ಬನವಾಸಿಯನ್ನು ನೋಡಲಿಲ್ಲ. ಹೋಗಿ ಬಂದವರು ಹೇಳಿದ್ದರು.

ಆದರೆ ಕೇಳಿದ ಮಾತನ್ನು ಅಂಕಿ ಮಾಡುವುದು ಹೇಗೆ? ಟಾಲೆಮಿಯ ದೊಡ್ಡ ತಲೆನೋವು ಇದೇ. ಪ್ರಯಾಣಿಕ ದೂರವನ್ನು ದಿನದ ಲೆಕ್ಕದಲ್ಲಿ ಹೇಳುತ್ತಾನೆ. ಇಷ್ಟು ದಿನದ ನಡಿಗೆ, ಇಷ್ಟು ರಾತ್ರಿಯ ಹಾಯಿ ಪಯಣ. ನಮ್ಮ ಕಡೆಯೂ ಹಾಗೇ ಇತ್ತಲ್ವಾ? ಹರಿದಾರಿ, ಗಾವುದ ಅಂತಿದ್ದರು. ಕೂಗಳತೆ ಅಂದರಂತೂ ಕೂಗಿದರೆ ಕೇಳಿಸುವಷ್ಟು ದೂರ, ಕಿವಿಯಲ್ಲೇ ಅಳೆದದ್ದು. ದಾರಿ ನೆಟ್ಟಗಿರುವುದಿಲ್ಲ. ಗುಡ್ಡ ಸುತ್ತುತ್ತದೆ, ನದಿ ದಡಕ್ಕೆ ಅಂಟಿಕೊಂಡು ಹೋಗುತ್ತದೆ. ಗಾಳಿ ಒಂದೇ ಸಮ ಬೀಸುವುದಿಲ್ಲ. ಅದಕ್ಕೇ ಟಾಲೆಮಿ ಹೇಳಿದ ದೂರದಲ್ಲಿ ಒಂದಷ್ಟು ಕಳೆದು ಲೆಕ್ಕ ಹಾಕುತ್ತಿದ್ದ.

ಅವನಿಗಿಂತ ಸ್ವಲ್ಪ ಮೊದಲು ಟೈರ್ ನಗರದ ಮರಿನಸ್ ಅನ್ನುವವನು ಇಂಥದೇ ಕೆಲಸ ಮಾಡಿದ್ದ. ಐರ್ಲೆಂಡ್ ದ್ವೀಪ ಉದ್ದಕ್ಕೆ 20 ದಿನದ ದಾರಿ ಅಂತ ಯಾರೋ ಬರೆದಿದ್ದರು. ವ್ಯಾಪಾರಿಗಳಿಂದ ಕೇಳಿ ಬರೆದದ್ದು ಅದು. ಮರಿನಸ್ ನಂಬಲಿಲ್ಲ. ವ್ಯಾಪಾರಿಗಳಿಗೆ ವ್ಯಾಪಾರ ಮುಖ್ಯ, ನಿಜ ಹುಡುಕುವ ಪುರುಸೊತ್ತು ಅವರಿಗಿಲ್ಲ, ಜಂಬಕ್ಕೆ ದೂರವನ್ನು ಜಾಸ್ತಿ ಮಾಡಿ ಹೇಳುತ್ತಾರೆ ಅನ್ನುವುದು ಅವನ ಮಾತು. ಇದನ್ನು ಟಾಲೆಮಿ ತನ್ನ ಪುಸ್ತಕದಲ್ಲಿ ಎತ್ತಿ ಹೇಳುತ್ತಾನೆ. ಹೇಳಿ, ಅದೇ ಮರಿನಸ್ ಚೀನಾದ ದಾರಿಗೆ ಮಾತ್ರ ವ್ಯಾಪಾರಿಗಳ ಲೆಕ್ಕವನ್ನೇ ನಂಬಿದ್ದಾನಲ್ಲ ಅಂತ ಹಿಡಿದು ಕೇಳುತ್ತಾನೆ. ಕಲ್ಲಿನ ಗೋಪುರ ಅನ್ನುವ ಜಾಗದಿಂದ ರೇಷ್ಮೆಯ ನಾಡಿನ ರಾಜಧಾನಿಗೆ ಏಳು ತಿಂಗಳ ದಾರಿ ಅಂತ ಒಬ್ಬ ವ್ಯಾಪಾರಿಯ ಆಳುಗಳು ಹೇಳಿದ್ದರು. ಆ ಏಳು ತಿಂಗಳನ್ನು ಟಾಲೆಮಿ ಅರ್ಧಕ್ಕೆ ಇಳಿಸಿದ. ಸುಮ್ನೆ ಕೇಳಿ ಬರೆದವನಲ್ಲ ಅವನು. ಹೇಳಿದವನು ಯಾರು, ಅವನಿಗೆ ಯಾರು ಹೇಳಿದ್ದು ಅಂತ ಹಿಂದೆ ಹಿಂದೆ ಹೋದವನು.

ಅವನಿಗೆ ಸಿಕ್ಕದೇ ಹೋದದ್ದು ಏನು ಅನ್ನುವುದನ್ನು ಒಂದು ಗ್ರಹಣ ತೋರಿಸುತ್ತದೆ. ಒಂದು ಊರು ಇನ್ನೊಂದಕ್ಕಿಂತ ಎಷ್ಟು ಪೂರ್ವಕ್ಕಿದೆ ಅಂತ ಖಚಿತವಾಗಿ ತಿಳಿಯಲು ಆಗ ಇದ್ದ ಒಳ್ಳೆಯ ದಾರಿ ಚಂದ್ರಗ್ರಹಣ. ಗ್ರಹಣ ಎಲ್ಲ ಕಡೆ ಒಂದೇ ಹೊತ್ತಿಗೆ ಹಿಡಿಯುತ್ತದೆ. ಆದರೆ ಪೂರ್ವದ ಊರಿನಲ್ಲಿ ರಾತ್ರಿ ಹೆಚ್ಚು ಕಳೆದಿರುತ್ತದೆ, ಪಶ್ಚಿಮದಲ್ಲಿ ಕಡಿಮೆ. ಒಂದು ಗಂಟೆಯ ವ್ಯತ್ಯಾಸ ಅಂದರೆ 15 ಡಿಗ್ರಿ. ಕ್ರಿ.ಪೂ. 331ರಲ್ಲಿ, ಅಲೆಕ್ಸಾಂಡರ್ ಗೌಗಮೇಲಾದಲ್ಲಿ ಯುದ್ಧ ಮಾಡುವುದಕ್ಕೆ ಕೆಲವು ದಿನ ಮೊದಲು, ಒಂದು ಚಂದ್ರಗ್ರಹಣ ಆಗಿತ್ತು. ಅರ್ಬೆಲಾದಲ್ಲಿ, ಅಂದರೆ ಈಗಿನ ಇರಾಕಿನ ಎರ್ಬಿಲ್‌ನಲ್ಲಿ, ಅದು ಸೂರ್ಯ ಮುಳುಗಿದ ಮೇಲಿನ ಐದನೇ ಗಂಟೆಗೆ ಕಂಡಿತು. ಆಫ್ರಿಕಾದ ಕಾರ್ತೇಜಿನಲ್ಲಿ ಎರಡನೇ ಗಂಟೆಗೆ ಕಂಡಿತು ಅಂತ ಸುದ್ದಿ. ಮೂರು ಗಂಟೆ ಅಂದರೆ 45 ಡಿಗ್ರಿ. ನಿಜವಾದ ಅಂತರ ಸುಮಾರು 34 ಡಿಗ್ರಿ. ಯಾರೋ ಗಂಟೆಯನ್ನು ತಪ್ಪಾಗಿ ಹೇಳಿದರು. ಟಾಲೆಮಿ ಹೊತ್ತಿಗೆ ಆ ಗ್ರಹಣ ಆಗಿ 480 ವರ್ಷ ದಾಟಿತ್ತು. ಯಾರನ್ನು ಮತ್ತೆ ಕೇಳುವುದು? ಹೀಗೆ ಏಕಕಾಲಕ್ಕೆ ಎರಡು ಕಡೆ ನೋಡಿದ ಗ್ರಹಣಗಳು ತುಂಬಾ ಕಡಿಮೆ ಅಂತ ಅವನೇ ಬೇಸರ ಮಾಡಿಕೊಂಡಿದ್ದಾನೆ.

ಅವನ ನಕ್ಷೆಯಲ್ಲಿ ಪೂರ್ವ ಪಶ್ಚಿಮದ ದೂರಗಳೆಲ್ಲ ಹಿಗ್ಗಿಹೋಗಿವೆ. ಭಾರತದ ಪರ್ಯಾಯದ್ವೀಪ ಇಲ್ಲವೇ ಇಲ್ಲ ಅನ್ನಬಹುದು. ಸಿಂಧೂ ನದಿಯ ಬಾಯಿಯಿಂದ ಕರಾವಳಿ ದಕ್ಷಿಣಕ್ಕೆ ಇಳಿಯುವ ಬದಲು ಹೆಚ್ಚುಕಮ್ಮಿ ಪೂರ್ವಕ್ಕೇ ಓಡುತ್ತದೆ. ಶ್ರೀಲಂಕಾ ಮಾತ್ರ ಭಾರತದ ಮುಂದೆ ಆನೆ ಮಲಗಿದ ಹಾಗೆ ದೊಡ್ಡದಾಗಿದೆ. ಹಿಂದೂ ಮಹಾಸಾಗರಕ್ಕೆ ನಾಲ್ಕೂ ಕಡೆ ನೆಲದ ಗೋಡೆ, ಅದೊಂದು ಕೆರೆ. ಇಷ್ಟೆಲ್ಲ ತಪ್ಪಿದ್ದರೂ ನನಗೆ ಈ ಮನುಷ್ಯನ ಮೇಲೆ ತುಂಬಾ ಗೌರವ. ಯಾಕೆಂದರೆ ಅವನು ತಪ್ಪನ್ನು ತಿದ್ದಲು ಬರುವ ಹಾಗೆ ಬರೆದಿಟ್ಟ. ಚಿತ್ರ ಬರೆದರೆ ನಕಲು ಮಾಡುವವರ ಕೈಯಲ್ಲಿ ಕೆಡುತ್ತಾ ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಅಂಕಿ ಕೊಟ್ಟ, ಅಂಕಿಯಿಂದ ನಕ್ಷೆ ಬರೆಯುವ ವಿಧಾನವನ್ನೂ ಕೊಟ್ಟ. ಅವನ ಕಾಲದ ನಕ್ಷೆ ಒಂದೂ ಉಳಿದಿಲ್ಲ. 1295ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮ್ಯಾಕ್ಸಿಮಸ್ ಪ್ಲಾನುಡೀಸ್ ಅನ್ನುವ ಸನ್ಯಾಸಿ ಹುಡುಕಿ ಹುಡುಕಿ ಈ ಪುಸ್ತಕ ಪಡೆದ. ಆ ಅಂಕಿಗಳಿಂದ ಮತ್ತೆ ನಕ್ಷೆಗಳು ಹುಟ್ಟಿದವು. ಇನ್ನೊಂದು ಮಾತನ್ನೂ ಟಾಲೆಮಿ ಬರೆದಿದ್ದಾನೆ. ಭೂಮಿ ಬದಲಾಗುತ್ತಾ ಇರುತ್ತದೆ, ಸುದ್ದಿಯೂ ಬದಲಾಗುತ್ತದೆ, ಹಾಗಾಗಿ ತೀರಾ ಈಚೆಗೆ ಬಂದ ಸುದ್ದಿಯನ್ನು ಹೆಚ್ಚು ನಂಬಬೇಕು ಅಂತ.

ಟಾಲೆಮಿಗಿಂತ ನೂರಾರು ವರ್ಷ ಹಿಂದೆ ಹೋದರೆ ಅಂಗೈ ಅಗಲದ ಒಂದು ಮಣ್ಣಿನ ಹಲಗೆ ಸಿಗುತ್ತದೆ. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇರಾಕಿನಲ್ಲಿ ಸಿಕ್ಕಿದ್ದು, ಕ್ರಿ.ಪೂ. ಆರನೇ ಶತಮಾನದ ಸುಮಾರಿನದು. ಎತ್ತರ 12 ಸೆಂಟಿಮೀಟರ್, ಅಗಲ 8. ಹಸಿ ಮಣ್ಣಿನಲ್ಲಿ ಕೈವಾರ ಇಟ್ಟು ಎರಡು ವೃತ್ತ ಎಳೆದಿದ್ದಾರೆ. ಕೈವಾರದ ಮೊನೆ ಊರಿದ ತೂತು ಇವತ್ತಿಗೂ ಕಾಣುತ್ತದೆ. ಒಳಗೆ ಯೂಫ್ರಟಿಸ್ ನದಿ, ಅದಕ್ಕೆ ಅಡ್ಡವಾಗಿ ಬ್ಯಾಬಿಲೋನ್, ಸುತ್ತ ಅಸ್ಸೀರಿಯಾ ಮೊದಲಾದ ನಾಡುಗಳು, ಚುಕ್ಕಿ ಇಟ್ಟ ಊರುಗಳು. ಎರಡು ವೃತ್ತಗಳ ನಡುವಿನ ಪಟ್ಟಿ ಕಹಿನೀರು, ಅಂದರೆ ಸಮುದ್ರ. ನಮ್ಮ ಪುರಾಣದಲ್ಲೂ ಜಂಬೂದ್ವೀಪದ ಸುತ್ತ ಉಪ್ಪುನೀರಿನ ಕಡಲು ಬಳೆಯ ಹಾಗೆ ಇದೆ. ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಜಂಬೂದ್ವೀಪ, ಭರತಖಂಡ, ಮೇರುವಿನ ದಕ್ಷಿಣ ಪಕ್ಕ ಅಂತ ನಾವು ಎಲ್ಲಿದ್ದೇವೆ ಅನ್ನುವುದನ್ನು ಈಗಲೂ ಹೇಳಿಕೊಳ್ಳುತ್ತೇವೆ.

ಆ ಮಣ್ಣಿನ ಹಲಗೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಸಮುದ್ರದ ಆಚೆ. ಅಲ್ಲಿ ತ್ರಿಕೋನಗಳಿವೆ. ಕಂಡವರು ಇಲ್ಲದ, ಕೇಳಿ ಮಾತ್ರ ಗೊತ್ತಿರುವ ನಾಡುಗಳು. ಒಂದರ ಪಕ್ಕ 'ಸೂರ್ಯ ಕಾಣದ ಜಾಗ' ಅಂತ ಬೆಣೆಯಾಕಾರದ ಲಿಪಿಯಲ್ಲಿ ಬರೆದು, ನಡುವಿನ ದೂರ 6 'ಬೇರು' ಅಂತ ಹೇಳಿದ್ದಾರೆ. ಬೇರು ಅನ್ನುವುದು ಅವರ ಅಳತೆ. ಎರಡು ಗಂಟೆ ಹೊತ್ತಿಗೂ ಅದೇ ಹೆಸರು, ಎರಡು ಗಂಟೆಯಲ್ಲಿ ನಡೆಯುವ ದೂರಕ್ಕೂ ಅದೇ ಹೆಸರು. ಯಾರೂ ಹೋಗದ ನಾಡಿಗೂ ನಡಿಗೆಯ ಲೆಕ್ಕದಲ್ಲೇ ದೂರ ಹೇಳಿದ್ದಾರೆ. ಹೋಗಿ ಬಂದ ಒಬ್ಬನಾದರೂ ಇದ್ದಾನೆ ಅನ್ನುವ ನಂಬಿಕೆ ಅದರೊಳಗೆ ಇದೆ.

ಹೆಚ್ಚುಕಮ್ಮಿ ಅದೇ ಕಾಲಕ್ಕೆ ಈಗಿನ ತುರ್ಕಿಯ ಕರಾವಳಿಯ ಮಿಲೆಟಸ್ ನಗರದಲ್ಲಿ ಅನಾಕ್ಸಿಮಾಂಡರ್ ಅನ್ನುವ ಗ್ರೀಕ್ ಚಿಂತಕ ಭೂಮಿಯ ನಕ್ಷೆ ಬರೆದ. ಅದೇ ಊರಿನ ಹೆಕಾಟಿಯಸ್ ಅದನ್ನು ತಿದ್ದಿದ. ಎರಡೂ ಉಳಿದಿಲ್ಲ. ಉಳಿದಿರುವುದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಒಂದು ಘಟನೆ. ಕ್ರಿ.ಪೂ. 499ರ ಸುಮಾರು. ಮಿಲೆಟಸ್ಸಿನ ಅರಿಸ್ಟಾಗೊರಸ್ ಪರ್ಷಿಯಾದ ವಿರುದ್ಧ ದಂಗೆ ಎದ್ದು, ಸಹಾಯ ಕೇಳಲು ಸ್ಪಾರ್ಟಾದ ರಾಜ ಕ್ಲಿಯೋಮಿನಿಸ್ ಹತ್ತಿರ ಬಂದ. ಕೈಯಲ್ಲಿ ಕಂಚಿನ ಒಂದು ಹಲಗೆ. ಅದರಲ್ಲಿ ಇಡೀ ಭೂಮಿ, ಎಲ್ಲ ಸಮುದ್ರ, ಎಲ್ಲ ನದಿ ಕೊರೆದಿತ್ತು. ಬೆರಳಿಟ್ಟು ತೋರಿಸಿದ. ಇದು ಲಿಡಿಯಾ, ಬೆಳ್ಳಿ ಇದೆ. ಇದರ ಪಕ್ಕ ಫ್ರಿಜಿಯಾ, ದನಕರು ಜಾಸ್ತಿ. ಇಗೋ ಇಲ್ಲಿ ಸೂಸಾ, ಪರ್ಷಿಯಾದ ದೊರೆಯ ಖಜಾನೆ ಇರುವ ಊರು. ಎಲ್ಲವೂ ಒಂದರ ಪಕ್ಕ ಒಂದು, ಬೆರಳು ಜಾರಿಸಿದರೆ ಸಾಕು. ರಾಜ ಉತ್ತರ ಹೇಳಲು ಎರಡು ದಿನ ತೆಗೆದುಕೊಂಡ. ಮೂರನೇ ದಿನ ಒಂದೇ ಒಂದು ಪ್ರಶ್ನೆ ಕೇಳಿದ. ಸಮುದ್ರದಿಂದ ಆ ದೊರೆಯ ಊರಿಗೆ ಎಷ್ಟು ದಿನದ ದಾರಿ? ಅರಿಸ್ಟಾಗೊರಸ್ ನಿಜ ಹೇಳಿಬಿಟ್ಟ. ಮೂರು ತಿಂಗಳು. ಸೂರ್ಯ ಮುಳುಗುವುದರೊಳಗೆ ಊರು ಬಿಡು ಅಂತ ರಾಜ ಅವನನ್ನು ಕಳಿಸಿಬಿಟ್ಟ. ಹಲಗೆಯ ಮೇಲೆ ದೂರ ಬರೆದಿರಲಿಲ್ಲ. ಕೇಳಿದ್ದಕ್ಕೇ ಗೊತ್ತಾಯಿತು.

ಕೇಳದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನಾಡಿಗೇ ಅಂಟಿದ ಒಂದು ಕತೆ ಇದೆ. ಕ್ರಿ.ಪೂ. 400ರ ಸುಮಾರಿಗೆ ಕ್ಟೀಸಿಯಸ್ ಅನ್ನುವ ಗ್ರೀಕ್ ವೈದ್ಯ ಪರ್ಷಿಯಾದ ಅರಮನೆಯಲ್ಲಿದ್ದ. ಅವನು ಭಾರತಕ್ಕೆ ಬಂದವನಲ್ಲ. ಅರಮನೆಗೆ ಬಂದವರ ಬಾಯಿಂದ ಕೇಳಿ ಭಾರತದ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಒಂಟಿ ಕಾಲಿನ ಜನ ಬರುತ್ತಾರೆ. ಅವರ ಪಾದ ಎಷ್ಟು ದೊಡ್ಡದೆಂದರೆ ಬಿಸಿಲಿಗೆ ಅಂಗಾತ ಮಲಗಿ ಕಾಲನ್ನೇ ಕೊಡೆಯ ಹಾಗೆ ಎತ್ತಿ ನೆರಳು ಮಾಡಿಕೊಳ್ಳುತ್ತಾರಂತೆ. ರೋಮನ್ ಲೇಖಕ ಪ್ಲಿನಿ ಇದನ್ನು ತನ್ನ ಪುಸ್ತಕಕ್ಕೆ ಸೇರಿಸಿದ. ಅವನಿಂದ ಮುಂದಿನವರು ನಕಲು ಮಾಡಿದರು. 1300ರ ಸುಮಾರಿಗೆ ಇಂಗ್ಲೆಂಡಿನ ಹೆರಿಫರ್ಡ್ ನಗರದ ದೊಡ್ಡ ನಕ್ಷೆಯಲ್ಲಿ ಭಾರತದ ಜಾಗದಲ್ಲಿ ಆ ಮನುಷ್ಯ ಮಲಗಿದ್ದಾನೆ, ಕಾಲು ಎತ್ತಿಕೊಂಡು. ಸುಮಾರು 1,700 ವರ್ಷ ಒಂದೇ ಮಾತು. ಅಷ್ಟು ಕಾಲದಲ್ಲಿ ಭಾರತಕ್ಕೆ ಹೋಗಿ ಬಂದವರು ಎಷ್ಟು ಜನರೋ. ಆ ನಕ್ಷೆಯವರು ಅವರನ್ನು ಕೇಳಲಿಲ್ಲ. ಹಳೆಯ ಪುಸ್ತಕವನ್ನು ಕೇಳಿದರು, ಅಷ್ಟೇ.

ಹಾಗಂತ ಹೆರಿಫರ್ಡ್ ನಕ್ಷೆಯನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಒಂದೇ ಕರುವಿನ ಚರ್ಮ, ಎತ್ತರ 1.59 ಮೀಟರ್, ಅಗಲ 1.34 ಮೀಟರ್. ಕತ್ತಿನ ಭಾಗ ಮೇಲಕ್ಕೆ ಚೂಪಾಗಿ ಹಾಗೇ ಇದೆ. ಪೂರ್ವ ದಿಕ್ಕು ಮೇಲೆ. ಅಲ್ಲೇ ಸ್ವರ್ಗದ ತೋಟ. ನಡುವೆ ಜೆರುಸಲೇಂ. ಯುರೋಪ್, ಆಫ್ರಿಕಾ ಅನ್ನುವ ಎರಡು ಹೆಸರುಗಳು ಬಂಗಾರದ ಅಕ್ಷರದಲ್ಲಿ ಅದಲು ಬದಲಾಗಿವೆ. ಅದು ದಾರಿ ಹುಡುಕಲು ಬರೆದದ್ದಲ್ಲ. ದೇವರು ಮಾಡಿದ ಪ್ರಪಂಚದ ಕತೆ ಹೇಳಲು ಬರೆದದ್ದು. ನಮ್ಮ ದೇವಸ್ಥಾನದ ಗೋಡೆಯ ಮೇಲೆ ರಾಮಾಯಣ ಕೆತ್ತಿದ ಹಾಗೆ. ಆ ಚರ್ಮದಲ್ಲಿ ಒಂದು ಜಾಗ ಮಾತ್ರ ಅಳಿಸಿಹೋದ ಹಾಗಾಗಿದೆ. ಅದು ಹೆರಿಫರ್ಡ್ ಊರು ಇರುವ ಜಾಗ. ನೋಡಲು ಬಂದವರು ಶತಮಾನಗಟ್ಟಲೆ ಬೆರಳಿಟ್ಟು ತೋರಿಸಿ ತೋರಿಸಿ ಅಲ್ಲಿ ಸವೆದುಹೋಗಿದೆ. "ನಾವು ಎಲ್ಲಿದ್ದೇವೆ?" ಅಂತ ಮಗು ಅಪ್ಪನನ್ನು ಕೇಳಿರಬೇಕು. ಅಪ್ಪ ಬೆರಳಿಟ್ಟಿರಬೇಕು. ಭೂಪಟ ಕೈಗೆ ಕೊಟ್ಟರೆ ನಾವೂ ಮೊದಲು ಹುಡುಕುವುದು ನಮ್ಮೂರನ್ನೇ ಅಲ್ವಾ?

ಈ ನಕ್ಷೆಗಿಂತ 150 ವರ್ಷ ಮೊದಲೇ ಬೇರೊಂದು ಕಡೆ ಬೇರೆ ಥರದ ಕೆಲಸ ನಡೆದಿತ್ತು. ಸಿಸಿಲಿ ದ್ವೀಪದ ಪಲೆರ್ಮೊ ನಗರ. ರಾಜ ಎರಡನೇ ರೋಜರ್ ಕ್ರೈಸ್ತ. ಅವನು ಕರೆಸಿಕೊಂಡ ವಿದ್ವಾಂಸ ಅಲ್ ಇದ್ರೀಸಿ ಮುಸ್ಲಿಂ, ಉತ್ತರ ಆಫ್ರಿಕಾದ ಸಿಯೂಟಾದಲ್ಲಿ ಹುಟ್ಟಿದವನು. ಪುಸ್ತಕಗಳನ್ನು ಓದಿ ನೋಡಿದರು. ಒಂದು ಹೇಳಿದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಪಂಡಿತರನ್ನು ಕೇಳಿದರು, ಅವರಿಗೂ ಅಷ್ಟೇ ಗೊತ್ತಿತ್ತು. ಆಮೇಲೆ ರಾಜ ಬಂದರಿಗೆ ಬರುವ ಪ್ರಯಾಣಿಕರನ್ನು ಕರೆಸತೊಡಗಿದ. ಅವರನ್ನು ಒಟ್ಟಿಗೆ ಕೂರಿಸಿ ಕೇಳಿದರು, ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿಯೂ ಕೇಳಿದರು. ಎಲ್ಲರ ಮಾತು ಒಂದೇ ಆದರೆ ಇಟ್ಟುಕೊಂಡರು. ಬೇರೆ ಬೇರೆ ಆದರೆ ಬದಿಗಿಟ್ಟರು. ಹೀಗೆ ಸುಮಾರು 15 ವರ್ಷ.

ಆ ಕೋಣೆಯನ್ನು ನಾನು ಕಣ್ಣಿಗೆ ತಂದುಕೊಳ್ಳುತ್ತೇನೆ. ಹಡಗಿನಿಂದ ಇಳಿದ ನಾವಿಕ, ಮೈಯಲ್ಲಿ ಇನ್ನೂ ಉಪ್ಪಿನ ವಾಸನೆ. ಎದುರಿಗೆ ರಾಜ. ಪಕ್ಕದಲ್ಲಿ ಬರೆದುಕೊಳ್ಳುವ ವಿದ್ವಾಂಸ. ಆ ಬಂದರಿಗೂ ಈ ಬಂದರಿಗೂ ಎಷ್ಟು ದಿನ? ಗಾಳಿ ಯಾವ ಕಡೆಯಿಂದ? ನದಿ ಎಲ್ಲಿ ಸಮುದ್ರ ಸೇರುತ್ತದೆ? ಗೊತ್ತಿದ್ದರೆ ಹೇಳು, ಇಲ್ಲದಿದ್ದರೆ ಇಲ್ಲ ಅನ್ನು. ಕೇಳಿದ್ದನ್ನು ಮೊದಲು ಒಂದು ಹಲಗೆಯ ಮೇಲೆ ಗುರುತು ಮಾಡಿ, ಕಬ್ಬಿಣದ ಕೈವಾರದಿಂದ ಅಳೆದು ನೋಡಿದರು. ಕೊನೆಗೆ ಬೆಳ್ಳಿಯ ದೊಡ್ಡ ತಟ್ಟೆಯ ಮೇಲೆ ಪ್ರಪಂಚವನ್ನು ಕೊರೆಸಿದರು. ಜೊತೆಗೆ ಒಂದು ಪುಸ್ತಕ, ಭೂಮಿಯನ್ನು ಅಡ್ಡಕ್ಕೆ 7, ಉದ್ದಕ್ಕೆ 10 ಭಾಗ ಮಾಡಿ 70 ನಕ್ಷೆ. ದಕ್ಷಿಣ ದಿಕ್ಕು ಮೇಲೆ. 1154ರ ಜನವರಿಯಲ್ಲಿ ಮುಗಿಯಿತು. ಮರು ತಿಂಗಳೇ ರಾಜ ತೀರಿಕೊಂಡ. ಬೆಳ್ಳಿ ತಟ್ಟೆ ಉಳಿಯಲಿಲ್ಲ. ಪುಸ್ತಕದ ನಕಲುಗಳು ಉಳಿದವು.

ಇನ್ನೊಬ್ಬರ ಬಗ್ಗೆ ಹೇಳದೇ ಇರಲು ಆಗುವುದಿಲ್ಲ. ನನಗೆ ಇವರೆಲ್ಲರಿಗಿಂತ ಹತ್ತಿರದವರು ಅನ್ನಿಸುವುದು ವೆನಿಸ್ಸಿನ ಫ್ರಾ ಮೌರೊ. ವೆನಿಸ್ಸಿನ ಪಕ್ಕದ ಸಾನ್ ಮಿಕೆಲೆ ಎಂಬ ಪುಟ್ಟ ದ್ವೀಪದ ಮಠದಲ್ಲಿದ್ದ ಸನ್ಯಾಸಿ. 1450ರ ದಶಕದಲ್ಲಿ ಅಲ್ಲಿ ಕೂತು ಸುಮಾರು ಎರಡು ಮೀಟರ್ ಅಗಲದ ಗುಂಡಗಿನ ನಕ್ಷೆ ಮಾಡಿದರು. ಬಂಗಾರ, ಗಾಢ ನೀಲಿ, ಕೆಂಪು. ಸುಮಾರು 3,000 ಬರಹಗಳು. ಅವು ಬರೀ ಊರಿನ ಹೆಸರುಗಳಲ್ಲ. ಪುಟ್ಟ ಪುಟ್ಟ ಟಿಪ್ಪಣಿಗಳೂ ಇವೆ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ.

ಅವರ ಕಾಲದ ವೆನಿಸ್ಸಿನವನೇ ನಿಕೊಲೊ ಕೊಂಟಿ. ಚಿಕ್ಕ ವಯಸ್ಸಿನಲ್ಲಿ ದಮಾಸ್ಕಸ್ಸಿಗೆ ಹೋಗಿ ಅರಬ್ಬಿ ಕಲಿತು, ವ್ಯಾಪಾರಿಗಳ ಜೊತೆ ಪೂರ್ವಕ್ಕೆ ಹೊರಟವನು 25 ವರ್ಷ ತಿರುಗಾಡಿದ. 1420ರ ಸುಮಾರಿಗೆ ವಿಜಯನಗರಕ್ಕೂ ಬಂದ. ಬೆಟ್ಟಗಳ ನಡುವಿನ ನಗರ, ಸುತ್ತಳತೆ 60 ಮೈಲಿ, ಆಯುಧ ಹಿಡಿಯಬಲ್ಲ ಗಂಡಸರು 90,000 ಅಂತ ಹೇಳಿದ. ಹಬ್ಬದಲ್ಲಿ ದೀಪ ಹಚ್ಚುವುದನ್ನು, ದಾರಿಯಲ್ಲಿ ಹೋಗುವವರ ಮೇಲೆ, ರಾಜನ ಮೇಲೂ ಕೇಸರಿ ನೀರು ಎರಚುವುದನ್ನು ಹೇಳಿದ. ವಾಪಸ್ ಬರುವಾಗ ಹೆಂಡತಿ ಮಕ್ಕಳ ಜೀವ ಉಳಿಸಲು ಅವನು ತನ್ನ ಧರ್ಮ ಬಿಡಬೇಕಾಯಿತು. ಆಮೇಲೆ ಈಜಿಪ್ಟಿನಲ್ಲಿ ಪ್ಲೇಗು ಬಂದು ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ. ಧರ್ಮ ಬಿಟ್ಟದ್ದಕ್ಕೆ ಪ್ರಾಯಶ್ಚಿತ್ತವಾಗಿ, ಕಂಡದ್ದನ್ನೆಲ್ಲ ನಿಜವಾಗಿ ಹೇಳು ಅಂತ ಪೋಪ್ ನಾಲ್ಕನೇ ಯುಜೀನ್ ಹೇಳಿದರು. ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿ ಕೇಳಿ ಬರೆದುಕೊಂಡ. ಪ್ರಪಂಚ ಸುತ್ತಿ ಬಂದವನಿಗೆ ಕತೆ ಹೇಳುವುದೇ ಪ್ರಾಯಶ್ಚಿತ್ತ! ಕೊಂಟಿ ಹೇಳಿದ ಸುದ್ದಿ ಫ್ರಾ ಮೌರೊ ನಕ್ಷೆಯ ಏಷ್ಯಾ ಭಾಗಕ್ಕೆ ಬಂದಿದೆ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ತುಂಗಭದ್ರೆಯ ದಡದಲ್ಲಿ ನಡೆದಾಡಿದ ಒಬ್ಬನ ಮಾತು ಆ ಪುಟ್ಟ ದ್ವೀಪದ ಮಠಕ್ಕೂ ತಲುಪಿತು.

ಫ್ರಾ ಮೌರೊ ನಕ್ಷೆಯಲ್ಲಿ ಹಿಂದೂ ಮಹಾಸಾಗರ ಕೆರೆಯಲ್ಲ. ಆಫ್ರಿಕಾದ ದಕ್ಷಿಣದಲ್ಲಿ ಅದು ತೆರೆದಿದೆ. ಪೋರ್ಚುಗೀಸರು ಆ ಮೂಲೆ ಸುತ್ತಿದ್ದು 1488ರಲ್ಲಿ. ಇವರು ಅದಕ್ಕಿಂತ ಸುಮಾರು 30 ವರ್ಷ ಮೊದಲೇ ಹಾಗೆ ಬರೆದರು. ಕಾರಣವನ್ನೂ ನಕ್ಷೆಯ ಮೇಲೇ ಬರೆದಿದ್ದಾರೆ. 1420ರ ಸುಮಾರಿಗೆ ಭಾರತದ ಕಡೆಯ ಒಂದು ದೊಡ್ಡ ಹಡಗು ಬಿರುಗಾಳಿಗೆ ಸಿಕ್ಕಿ ಆಫ್ರಿಕಾದ ತುದಿ ದಾಟಿ ಪಶ್ಚಿಮಕ್ಕೆ 40 ದಿನ ಹೋಯಿತಂತೆ. ಗಾಳಿ ಮತ್ತು ನೀರು ಬಿಟ್ಟು ಬೇರೇನೂ ಕಾಣಲಿಲ್ಲವಂತೆ. 2,000 ಮೈಲಿ ಹೋಗಿ, 70 ದಿನದಲ್ಲಿ ವಾಪಸ್ ಬಂದರಂತೆ. ದಡದಲ್ಲಿ ಪೀಪಾಯಿಯಷ್ಟು ದೊಡ್ಡ ಹಕ್ಕಿಯ ಮೊಟ್ಟೆ ಕಂಡರಂತೆ. ಮೊಟ್ಟೆಯ ಮಾತು ಹೇಗೇ ಇರಲಿ. ಸಮುದ್ರ ತೆರೆದಿದೆ ಅನ್ನುವುದು ನಿಜವಾಯಿತು.

ಜೆರುಸಲೇಂ ಅವರ ನಕ್ಷೆಯ ನಟ್ಟನಡುವೆ ಇಲ್ಲ. ಏಷ್ಯಾ ಎಷ್ಟು ದೊಡ್ಡದು ಅಂತ ಪ್ರಯಾಣಿಕರಿಂದ ಗೊತ್ತಾದ ಮೇಲೆ ಅದು ನಡುವೆ ಉಳಿಯಲು ಸಾಧ್ಯವೇ ಇರಲಿಲ್ಲ. ಒಬ್ಬ ಕ್ರೈಸ್ತ ಸನ್ಯಾಸಿಗೆ ಇದು ಸಣ್ಣ ವಿಷಯ ಅಲ್ಲ. ಅವರು ಮುಚ್ಚಿಡಲಿಲ್ಲ. ಪಕ್ಕದಲ್ಲಿ ಟಿಪ್ಪಣಿ ಬರೆದರು. ನೆಲದ ಅಳತೆ ನೋಡಿದರೆ ಅದು ಪಶ್ಚಿಮಕ್ಕೆ ಸರಿದಿದೆ, ಆದರೆ ಪಶ್ಚಿಮದಲ್ಲಿ ಜನ ಒತ್ತಾಗಿ ಇದ್ದಾರೆ, ಖಾಲಿ ನೆಲ ಬಿಟ್ಟು ಜನವಸತಿ ಲೆಕ್ಕ ಹಿಡಿದರೆ ಜೆರುಸಲೇಮೇ ನಡು ಅಂತ. ಈ ಟಿಪ್ಪಣಿ ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ನಂಬಿಕೆಯನ್ನೂ ಬಿಡದೆ, ಕೇಳಿದ ನಿಜವನ್ನೂ ಬಿಡದೆ ಒಬ್ಬ ಮನುಷ್ಯ ಪೆನ್ನು ಹಿಡಿದು ಕೂತಿದ್ದಾನೆ. ಟಾಲೆಮಿಯನ್ನು ಅನುಸರಿಸಲಿಲ್ಲ ಅಂತ ಅವನಿಗೆ ಅಗೌರವ ಮಾಡಿದ ಹಾಗಲ್ಲ ಅಂತಲೂ ಅವರು ಬರೆದಿದ್ದಾರೆ. ಬಹಳ ವರ್ಷ ವಿಚಾರಿಸಿ, ಕಣ್ಣಾರೆ ಕಂಡ ನಂಬಿಗಸ್ತರ ಜೊತೆ ಮಾತಾಡಿ ಇದನ್ನು ಬರೆದಿದ್ದೇನೆ ಅಂತಲೂ.

ಇದಾದ ಮೇಲೆ ಕಾಲ ಬೇಗ ಬೇಗ ಬದಲಾಯಿತು. ಪೋರ್ಚುಗೀಸ್ ನಾವಿಕರು ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಅಕ್ಷಾಂಶ ಹಿಡಿಯತೊಡಗಿದರು. ಕರಾವಳಿಯ ವಿಷಯದಲ್ಲಿ ಬರೀ ಕೇಳಿದ್ದನ್ನೇ ನಂಬಿ ಕೂರಬೇಕಾಗಿರಲಿಲ್ಲ. 1502ರಲ್ಲಿ ಲಿಸ್ಬನ್ನಿನಿಂದ ಇಟಲಿಗೆ 12 ಬಂಗಾರದ ನಾಣ್ಯಕ್ಕೆ ಗುಟ್ಟಾಗಿ ಸಾಗಿಸಿದ ನಕ್ಷೆಯೊಂದಿದೆ. ತರಿಸಿದವನ ಹೆಸರಲ್ಲಿ ಅದನ್ನು ಕಾಂಟಿನೊ ನಕ್ಷೆ ಅನ್ನುತ್ತಾರೆ. ಅದರಲ್ಲಿ ಭಾರತ ಕೊನೆಗೂ ತ್ರಿಕೋನವಾಗಿ ಕೆಳಗೆ ಇಳಿದಿದೆ, ಟಾಲೆಮಿ ಮಾಡಿದ ತಪ್ಪು ಸರಿಹೋಗಿದೆ. 1859ರ ಗಲಭೆಯಲ್ಲಿ ಮೊಡೆನಾದ ಅರಮನೆಯಿಂದ ಲೂಟಿಯಾದ ಅದೇ ನಕ್ಷೆ ಆಮೇಲೆ ಒಂದು ಮಾಂಸದ ಅಂಗಡಿಯಲ್ಲಿ ಸಿಕ್ಕಿತು.

1507ರಲ್ಲಿ ಮಾರ್ಟಿನ್ ವಾಲ್ಡ್‌ಸೀಮ್ಯುಲರ್ ಮತ್ತು ಅವನ ಗೆಳೆಯರು 12 ಹಾಳೆಯ ದೊಡ್ಡ ನಕ್ಷೆ ಅಚ್ಚು ಹಾಕಿಸಿದರು. ಅಮೆರಿಗೊ ವೆಸ್ಪುಚಿಯ ಹೆಸರಲ್ಲಿ ಓಡಾಡುತ್ತಿದ್ದ ಪತ್ರಗಳನ್ನು ಓದಿ, ಹೊಸ ಖಂಡ ಕಂಡವನು ಅವನೇ ಅಂದುಕೊಂಡು ಅದಕ್ಕೆ 'ಅಮೆರಿಕಾ' ಅಂತ ಹೆಸರಿಟ್ಟರು. ಆಮೇಲೆ ವಾಲ್ಡ್‌ಸೀಮ್ಯುಲರ್‌ಗೆ ಅನುಮಾನ ಬಂದಿರಬೇಕು. 1513ರ ನಕ್ಷೆಯಲ್ಲಿ ಆ ಹೆಸರು ತೆಗೆದು, 'ಗೊತ್ತಿಲ್ಲದ ನೆಲ' ಅಂತ ಬರೆದು, ಕಂಡವನು ಕೊಲಂಬಸ್ ಅಂದ. ಅಷ್ಟರಲ್ಲಿ ಹೆಸರು ಜನರ ಬಾಯಿಗೆ ಬಿದ್ದಾಗಿತ್ತು. ಅಚ್ಚಾದ 1,000 ಪ್ರತಿಗಳಲ್ಲಿ ಉಳಿದದ್ದು ಒಂದೇ. 1901ರಲ್ಲಿ ಜರ್ಮನಿಯ ಒಂದು ಕೋಟೆಮನೆಯಲ್ಲಿ ಸಿಕ್ಕಿತು. ತಿದ್ದಿದ ಮಾತು ಯಾರಿಗೂ ತಲುಪಲಿಲ್ಲ, ಮೊದಲು ಕೇಳಿದ್ದೇ ಉಳಿಯಿತು.

ಅಜ್ಜನ ಹತ್ತಿರ ದಾರಿ ಕೇಳಿ ಹೋದ ಆ ಕೊಡೆಯವರು ಮೂರು ದಿನದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬಂದರು. ಅಜ್ಜ ಕರೆದು ಕೂರಿಸಿದ. ಬೆಲ್ಲ, ನೀರು ಕೊಟ್ಟ. ಆಮೇಲೆ ಕೇಳಿದ: "ದಾರಿ ಸರಿ ಇತ್ತಾ?"

"ಎಲ್ಲಾ ನೀವು ಹೇಳಿದ ಹಾಗೇ ಇತ್ತು. ಆದರೆ ಏರು ಮುಗಿದ ಮೇಲೆ ಮೋರಿ ಅಂದಿದ್ರಲ್ಲ, ಅದು ಮಳೆಗೆ ಕೊಚ್ಚಿ ಹೋಗಿದೆ. ಬಲಗಡೆ ತೋಟದೊಳಗೆ ಇಳಿದು ಸುತ್ತಿ ಹೋಗಬೇಕು."

"ತೋಟ ಯಾರದ್ದು?" ಅಂತ ಅಜ್ಜ ಕೇಳಿದ. "ಎಷ್ಟು ದೂರ ಸುತ್ತಬೇಕು? ಗಾಡಿ ಹೋಗ್ತದಾ? ಸಂಕ ಹಾಕಿದಾರಾ?" ಅವರು ಒಂದೊಂದಕ್ಕೂ ಉತ್ತರ ಹೇಳಿದರು. ಅಜ್ಜ ಅಡಿಕೆ ಸುಲಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ.

ಮಾರನೇ ವಾರ ಆ ಕಡೆಯೇ ಹೋಗುವ ಇಬ್ಬರು ಬಂದರು. ಅಜ್ಜ ಹಳ್ಳ, ಹಲಸಿನ ಮರ, ಏರು ಎಲ್ಲ ಹೇಳಿ, "ಮೋರಿ ಈಗ ಇಲ್ಲ. ಬಲಕ್ಕೆ ತೋಟದೊಳಗೆ ಇಳೀರಿ" ಅಂದ. ತೋಟದವರ ಹೆಸರನ್ನೂ ಹೇಳಿದ.